ಸಾಗಾದಂಥ ಉದ್ದದ ಸರಣಿಯನ್ನು ಕೈಬಿಡದೆ ಓದುವುದು: ಬಿಡಿ ಸಂಚಿಕೆಯೋ, ಟ್ರೇಡೋ?

ಕಕ್ಷೆಗಾರ

ಸಾಗಾ ಎಂಬ ಕಾಮಿಕ್ಸ್ ಸರಣಿ ಒಟ್ಟು 108 ಸಂಚಿಕೆ ಎಂದು ಅದನ್ನು ಬರೆಯುವ ಬ್ರಯಾನ್ ಕೆ. ವಾನ್ ಮತ್ತು ಚಿತ್ರ ಬಿಡಿಸುವ ಫಿಯೋನಾ ಸ್ಟೇಪಲ್ಸ್ ಹೇಳಿಯಾಗಿದೆ. 2012ರ ಮಾರ್ಚ್‌ನಲ್ಲಿ ಶುರುವಾದ ಕಥೆ ಇನ್ನೂ ದಾರಿಯಲ್ಲೇ ಇದೆ. ಇಷ್ಟು ಉದ್ದದ, ಬರೆದವರ ಕೈಯಲ್ಲೇ ಹಕ್ಕಿರುವ ವೈಜ್ಞಾನಿಕ ಕಲ್ಪನೆಯ ಕಾಮಿಕ್ಸನ್ನು ನಡುವೆ ಸೇರಿಕೊಂಡು ಓದುವವರು ಯಾವ ರೂಪದಲ್ಲಿ ಓದಬೇಕು? ಬಿಡಿ ಸಂಚಿಕೆ, ಟ್ರೇಡ್ (ಕೆಲವು ಸಂಚಿಕೆ ಸೇರಿಸಿದ ತೆಳುರಟ್ಟಿನ ಪುಸ್ತಕ), ಹಾರ್ಡ್‌ಕವರ್ (ಇನ್ನೂ ಹೆಚ್ಚು ಸಂಚಿಕೆಯ ಗಟ್ಟಿರಟ್ಟಿನ ಪುಸ್ತಕ), ಕಂಪೆಂಡಿಯಂ (ಹತ್ತಾರು ಸಂಚಿಕೆಯ ಒಂದೇ ದಪ್ಪ ಪುಸ್ತಕ), ಡಿಜಿಟಲ್, ಹೀಗೆ ಐದು ದಾರಿ ಇವೆ. ಯಾವುದರಲ್ಲಿ ಏನು ಸಿಗುತ್ತದೆ, ಏನು ತಪ್ಪಿಹೋಗುತ್ತದೆ ಎಂದು ತಿಳಿದವರು ಬಿಡಿಸಿ ಹೇಳಿ. ಇದೇ ಬಗೆಯ ಬೇರೆ ಸರಣಿಗಳ ಮಾತೂ ಬರಲಿ. ಒಂದೇ ವಿನಂತಿ: 54ನೇ ಸಂಚಿಕೆಯಲ್ಲಿ ಏನಾಗುತ್ತದೆ ಎಂದು ಯಾರೂ ಇಲ್ಲಿ ಬರೆಯಬೇಡಿ.

ಬಿಡಿಸಂಚಿಕೆ

ಮೊದಲು ಸಾಗಾ ಬರುವ ಲಯ ಗೊತ್ತಿರಬೇಕು, ಆಮೇಲೆ ರೂಪದ ಮಾತು. ಆರು ಸಂಚಿಕೆ ತಿಂಗಳಿಗೊಂದರಂತೆ ಬರುತ್ತವೆ, ನಂತರ ಬಿಡುವು. ಆ ಬಿಡುವಿನಲ್ಲಿ ಆರನ್ನೂ ಸೇರಿಸಿದ ಟ್ರೇಡ್ ಹೊರಬೀಳುತ್ತದೆ, ಅದರ ಹಿಂದೆಯೇ ಮುಂದಿನ ಕಥಾಘಟ್ಟದ ಮೊದಲ ಸಂಚಿಕೆ. ಶುರುವಿನಲ್ಲೇ ನೋಡಿ: 1ರಿಂದ 6 2012ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ, ಮೊದಲ ಟ್ರೇಡ್ ಅಕ್ಟೋಬರ್‌ನಲ್ಲಿ, 7ನೇ ಸಂಚಿಕೆ ನವೆಂಬರ್‌ನಲ್ಲಿ. ಟ್ರೇಡ್ ಓದುವವರು ಹೊಸ ಸಂಚಿಕೆಗೆ ಅಲ್ಲೇ ಬಂದು ಸೇರಿಕೊಳ್ಳಲಿ ಎಂದೇ ಮಾಡಿದ ಲೆಕ್ಕಾಚಾರ ಇದು.

ಈ ಲಯ ಕೆಲವು ಕಡೆ ಜೋರಾಗಿ ಮುರಿಯಿತು. 2018ರ ಜುಲೈನಲ್ಲಿ 54 ಬಂತು, 55 ಬಂದದ್ದು 2022ರ ಜನವರಿಯಲ್ಲಿ. 66 ಆದಮೇಲೂ ಸಾಮಾನ್ಯಕ್ಕಿಂತ ಉದ್ದದ ಬಿಡುವು ಬಂತು. ಬಿಡುವು ಬಂತೆಂದರೆ ಸರಣಿ ನಿಂತಿತು ಎಂದುಕೊಳ್ಳಬೇಡಿ. ಪೆನ್ಸಿಲ್, ಶಾಯಿ, ಬಣ್ಣ, ಮುಖಪುಟ ಎಲ್ಲವೂ ಸ್ಟೇಪಲ್ಸ್ ಅವರದೇ ಕೈ. ಕಥೆ ಹೇಳುವ ಪಾತ್ರವಾದ ಹೇಝಲ್‌ಳ ನಿರೂಪಣೆಯ ಅಕ್ಷರಗಳನ್ನೂ ಅವರೇ ಬರೆಯುತ್ತಾರೆ. ದೊಡ್ಡ ಕಂಪನಿಯ ಸರಣಿಗಳಲ್ಲಿ ಕಲಾವಿದರು ದಣಿದರೆ ಬದಲಿ ಕಲಾವಿದರು ಬರುತ್ತಾರೆ, ಸಾಗಾದಲ್ಲಿ ಆ ಪದ್ಧತಿಯೇ ಇಲ್ಲ. ಮೊದಲ ಪುಟದಿಂದ ಇಂದಿನವರೆಗೆ ಒಂದೇ ಕೈಯ ಚಿತ್ರ ಬೇಕೆಂದರೆ ಬಿಡುವನ್ನು ಒಪ್ಪಿಕೊಳ್ಳಲೇಬೇಕು, ಒಪ್ಪಿಕೊಳ್ಳುವಷ್ಟು ಬೆಲೆ ಅದಕ್ಕಿದೆ.

ಇನ್ನು ಬಿಡಿ ಸಂಚಿಕೆಯಲ್ಲಿ ಮಾತ್ರ ಸಿಗುವುದು ಓದುಗರ ಪತ್ರಗಳ ಅಂಕಣ. ಪತ್ರಗಳನ್ನು ಅಂಚೆಯಲ್ಲೇ ಕಳಿಸಬೇಕು, ಇಮೇಲ್ ತೆಗೆದುಕೊಳ್ಳುವುದಿಲ್ಲ. ಟ್ರೇಡ್, ಕಂಪೆಂಡಿಯಂಗಳಲ್ಲಿ ಈ ಅಂಕಣ ಇರುವುದಿಲ್ಲ. ಸರಣಿಯ ಜೊತೆಗೇ ವರ್ಷಗಟ್ಟಲೆ ನಡೆದುಬಂದ ಓದುಗರ ದನಿ ಕೇಳುವುದು ಅಲ್ಲೇ. ಬಿಡಿ ಸಂಚಿಕೆ ಕೊಳ್ಳಲು ಇದೊಂದೇ ಕಾರಣ ಸಾಕು ಎನ್ನುವ ಗುಂಪಿಗೆ ಸೇರಿದವನು ನಾನು.

ಗಟ್ಟಿರಟ್ಟು

ಸಂಪುಟಗಳ ಲೆಕ್ಕ ನಾನು ಹೇಳುತ್ತೇನೆ. ಒಂದು ಟ್ರೇಡ್‌ಗೆ 6 ಸಂಚಿಕೆ, ಆದ್ದರಿಂದ 54ಕ್ಕೆ ಒಂಬತ್ತು ಟ್ರೇಡ್. ಹತ್ತನೆಯದು 55ರಿಂದ 60, ಹನ್ನೊಂದನೆಯದು 61ರಿಂದ 66. ಹಾರ್ಡ್‌ಕವರ್ ಮೂರು ಟ್ರೇಡ್‌ಗೆ ಒಂದು: ಮೊದಲನೆಯದು 1ರಿಂದ 18, ಎರಡನೆಯದು 19ರಿಂದ 36, ಮೂರನೆಯದು 37ರಿಂದ 54. ಕಂಪೆಂಡಿಯಂ 1ರಿಂದ 54ರವರೆಗೆ ಪೂರ್ತಿ, 2019ರಲ್ಲಿ ಬಂತು, 1,328 ಪುಟ.

108ರ ಸರಿ ಅರ್ಧ 54. ಅಂದರೆ ಒಂದು ಕಂಪೆಂಡಿಯಂ ಕೈಯಲ್ಲಿದ್ದರೆ ಕಥೆಯ ಪೂರ್ವಾರ್ಧ ಪೂರ್ತಿ ಕೈಯಲ್ಲಿದ್ದಂತೆ. ಹೊಸಬರಿಗೆ ನನ್ನ ಸಲಹೆ: ಮೊದಲ ಟ್ರೇಡ್ ಒಂದನ್ನೇ ಕೊಂಡು ಓದಿ. ಹಿಡಿಸಿದರೆ ಕಂಪೆಂಡಿಯಂಗೋ ಹಾರ್ಡ್‌ಕವರ್‌ಗೋ ಹೋಗಿ, 55ರಿಂದ ಟ್ರೇಡ್ ಹಿಡಿಯಿರಿ. ಟ್ರೇಡ್ 10ಕ್ಕೂ ಕಂಪೆಂಡಿಯಂಗೂ ಒಂದು ಸಂಚಿಕೆಯೂ ಎರಡು ಸಲ ಬರುವುದಿಲ್ಲ. ಹಾರ್ಡ್‌ಕವರ್ ಎರಡನ್ನು ಕೊಂಡು ಉಳಿದದ್ದಕ್ಕೆ ಟ್ರೇಡ್ ಸೇರಿಸುವವರು 7ನೇ ಟ್ರೇಡ್‌ನಿಂದ ಶುರು ಮಾಡಬೇಕು. ಹಾರ್ಡ್‌ಕವರ್ ಸಂಖ್ಯೆಯನ್ನು ಟ್ರೇಡ್ ಸಂಖ್ಯೆ ಎಂದುಕೊಂಡು ಮೂರನೇ ಟ್ರೇಡ್ ತರಿಸಿಬಿಡುವುದು ತುಂಬ ಸಾಮಾನ್ಯ. ಬೆನ್ನ ಮೇಲಿನ ಅಂಕಿ ನೋಡಬೇಡಿ, ಒಳಗೆ ಯಾವ ಸಂಚಿಕೆಗಳಿವೆ ಎಂಬುದನ್ನು ನೋಡಿ.

ಕಂಪೆಂಡಿಯಂನ ದೋಷವನ್ನೂ ಹೇಳಬೇಕು. ಅಷ್ಟು ದಪ್ಪದ ಪುಸ್ತಕದಲ್ಲಿ ಎರಡು ಪುಟ ತುಂಬುವ ಚಿತ್ರದ ನಡುಭಾಗ ಬೆನ್ನಿನ ಸಂದಿಗೆ ಇಳಿದುಹೋಗುತ್ತದೆ. ಪುಸ್ತಕದ ನಡುಭಾಗದ ಪುಟಗಳಲ್ಲಿ ಇದು ಹೆಚ್ಚು. ಹೊಸ ಪ್ರತಿಯನ್ನು ಒಮ್ಮೆಲೇ ನಡುವೆ ತೆರೆದು ಒತ್ತಿದರೆ ಬೆನ್ನಿನ ಅಂಟು ಬಿರುಕುಬಿಡುತ್ತದೆ. ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ, ಮುಂದಿನಿಂದ ಇಪ್ಪತ್ತು ಪುಟ, ಹಿಂದಿನಿಂದ ಇಪ್ಪತ್ತು ಪುಟ, ಹೀಗೆ ಎರಡೂ ಕಡೆಯಿಂದ ಸರದಿಯಂತೆ ಬಿಡಿಸುತ್ತ ಬೆರಳಿನಿಂದ ಸವರಿ ನಡುವಿಗೆ ಬರಬೇಕು. ಹತ್ತು ನಿಮಿಷದ ಕೆಲಸ, ಪುಸ್ತಕದ ಆಯಸ್ಸು ಹೆಚ್ಚುತ್ತದೆ.

ನಕ್ಷತ್ರಧೂಳು

ಟ್ರೇಡ್‌ಗೆ ಕಾದರೆ ಸರಣಿಗೇ ಪೆಟ್ಟು ಎನ್ನುತ್ತಾರಲ್ಲ, ಅದು ನಿಜವೇ?

ಬಿಡಿಸಂಚಿಕೆ

ಸಾಗಾದ ವಿಷಯದಲ್ಲಿ ಅಷ್ಟಾಗಿ ನಿಜವಲ್ಲ, ಅದರ ಟ್ರೇಡ್‌ಗಳು ಪುಸ್ತಕದ ಅಂಗಡಿಗಳಲ್ಲೂ ಚೆನ್ನಾಗಿ ಹೋಗುತ್ತವೆ. ಸಣ್ಣ ಸರಣಿಗಳ ವಿಷಯದಲ್ಲಿ ಪೂರ್ತಿ ನಿಜ.

ಅಮೆರಿಕದ ಕಾಮಿಕ್ಸ್ ಅಂಗಡಿಗಳು ತರಿಸಿದ ಬಿಡಿ ಸಂಚಿಕೆಯನ್ನು ಸಾಮಾನ್ಯವಾಗಿ ಹಿಂತಿರುಗಿಸುವಂತಿಲ್ಲ. ಮಾರದೆ ಉಳಿದದ್ದು ಅಂಗಡಿಯವರ ನಷ್ಟ. ಹಾಗಾಗಿ ಅವರು ಎಣಿಸಿ ತರಿಸುತ್ತಾರೆ. ಸಂಚಿಕೆಯ ವಿವರ ಎರಡು ಮೂರು ತಿಂಗಳು ಮೊದಲೇ ಪ್ರಕಟವಾಗುತ್ತದೆ. ಮಾರಾಟದ ದಿನಕ್ಕೆ ಸುಮಾರು ಮೂರು ವಾರ ಇರುವಾಗ ಆರ್ಡರ್ ಬದಲಿಸುವ ಕೊನೆಯ ಗಡುವು ಬರುತ್ತದೆ, ಎಫ್‌ಓಸಿ ಎನ್ನುವುದು ಇದನ್ನೇ. ಎಷ್ಟು ಪ್ರತಿ ಅಚ್ಚಾಗಬೇಕು ಎಂಬುದು ಹೆಚ್ಚುಕಡಿಮೆ ಆ ದಿನಕ್ಕೆ ತೀರ್ಮಾನವಾಗುತ್ತದೆ. ನಿಮ್ಮ ಹೆಸರಿನಲ್ಲಿ ಎತ್ತಿಡಲು ಅಂಗಡಿಗೆ ಎಫ್‌ಓಸಿಗೆ ಮೊದಲು ಹೇಳಿದರೆ ನಿಮ್ಮ ಪ್ರತಿ ಆ ಲೆಕ್ಕಕ್ಕೆ ಸೇರುತ್ತದೆ. ಮಾರಾಟದ ದಿನ ಹೋಗಿ ಕೇಳಿದರೆ ಇದ್ದರುಂಟು, ಇಲ್ಲದಿದ್ದರಿಲ್ಲ.

ಕರ್ತೃಗಳ ಕಡೆಯಿಂದ ನೋಡಿ. ಸಾಗಾ ಪ್ರಕಟಿಸುವ ಇಮೇಜ್‌ನ ಪದ್ಧತಿಯಲ್ಲಿ ಹಕ್ಕು ಕರ್ತೃಗಳದೇ. ಪ್ರಕಾಶಕರು ಸಂಚಿಕೆಗೆ ಇಷ್ಟು ಎಂದು ನಿಗದಿಯಾದ ಶುಲ್ಕವನ್ನೂ ಮುದ್ರಣದ ಖರ್ಚನ್ನೂ ಹಿಡಿದುಕೊಂಡು ಉಳಿದದ್ದನ್ನು ಅವರಿಗೆ ಕೊಡುತ್ತಾರೆ. ಮಾರಾಟ ಚೆನ್ನಾಗಿದ್ದರೆ ಕೈತುಂಬ ಬರುತ್ತದೆ. ಖರ್ಚಿಗಿಂತ ಆರ್ಡರ್ ಕೆಳಗಿಳಿದರೆ ತಿಂಗಳಿಡೀ ಬಿಡಿಸಿದ್ದಕ್ಕೆ ಏನೂ ಉಳಿಯುವುದಿಲ್ಲ. ಸಣ್ಣ ಸರಣಿಯೊಂದು ನಾಲ್ಕನೇ ಸಂಚಿಕೆಗೇ ನಿಂತರೆ ಆರನ್ನು ಸೇರಿಸಿದ ಟ್ರೇಡ್ ಎಲ್ಲಿಂದ ಬರಬೇಕು? ಆದ್ದರಿಂದ ಇಷ್ಟವಾದ ಹೊಸ ಸರಣಿಯನ್ನು ಬಿಡಿಯಾಗಿ ಕೊಳ್ಳಿ, ನೆಲೆಯೂರಿದ ಸರಣಿಯನ್ನು ನಿಮಗೆ ಬೇಕಾದ ರೂಪದಲ್ಲಿ ಕೊಳ್ಳಿ.

ಇದರಿಂದ ಹುಟ್ಟುವ ಇನ್ನೊಂದು ಪರಿಣಾಮ ಹಲವರ ಗಮನಕ್ಕೆ ಬಂದಿರುವುದಿಲ್ಲ. ಉದ್ದದ ಸ್ವತಂತ್ರ ಸರಣಿಯಲ್ಲಿ ಸಿಗುವುದು ಕಷ್ಟವಾಗುವುದು ಹೆಚ್ಚಾಗಿ ನಡುವಿನ, ಕೊನೆಯ ಸಂಚಿಕೆಗಳು. ಮೊದಲನೆಯದನ್ನು ಎಲ್ಲರೂ ತರಿಸುತ್ತಾರೆ, ಖಾಲಿಯಾದರೆ ಮರುಮುದ್ರಣವೂ ಆಗುತ್ತದೆ. ಮುಂದೆ ಹೋದಂತೆ ಆರ್ಡರ್ ಇಳಿಯುತ್ತದೆ, ಮರುಮುದ್ರಣ ಇರುವುದಿಲ್ಲ, ಟ್ರೇಡ್‌ಗೆ ಕಾಯುವವರು ಹೆಚ್ಚುತ್ತಾರೆ. ಹಳೆಯ ಕಪ್ಪು ಬಿಳುಪು ಸರಣಿ ಹುಡುಕುವವರು ಮೊದಲ ಸಂಚಿಕೆಯನ್ನು ಕೊನೆಗೆ ಕೊಂಡರೂ ನಡೆಯುತ್ತದೆ. ಕಡೆಯ ಹತ್ತನ್ನು ಕಂಡಲ್ಲಿ ಎತ್ತಿಕೊಳ್ಳಿ.

ಪುಟಸಂಖ್ಯೆ

ಮೇಲಿನ ಮಾತಿಗೆ ಸೇರಿಸುತ್ತೇನೆ. ಸ್ವತಂತ್ರ ಸರಣಿಗಳು ಪ್ರಕಾಶಕರನ್ನು ಬದಲಿಸುತ್ತವೆ, ಸಂಖ್ಯೆಯ ಗೊಂದಲ ಹುಟ್ಟುವುದು ಅಲ್ಲಿ.

ಮೈಕ್ ಬ್ಯಾರನ್, ಸ್ಟೀವ್ ರೂಡ್ ಅವರ ನೆಕ್ಸಸ್ ತೆಗೆದುಕೊಳ್ಳಿ. 1981ರಲ್ಲಿ ಕ್ಯಾಪಿಟಲ್ ಕಾಮಿಕ್ಸ್‌ನಿಂದ ಕಪ್ಪು ಬಿಳುಪಿನಲ್ಲಿ ಮೂರು ಸಂಚಿಕೆ. ಆಮೇಲೆ ಬಣ್ಣದಲ್ಲಿ ಮತ್ತೆ 1ರಿಂದ ಎಣಿಕೆ. ಅದೇ ಎಣಿಕೆಯನ್ನು 7ನೇ ಸಂಚಿಕೆಯಿಂದ ಫಸ್ಟ್ ಕಾಮಿಕ್ಸ್ ವಹಿಸಿಕೊಂಡು 80ರವರೆಗೆ ನಡೆಸಿತು. ಹಾಗಾಗಿ ‘ನೆಕ್ಸಸ್ 2’ ಎಂದರೆ ಕಪ್ಪು ಬಿಳುಪೋ ಬಣ್ಣದ್ದೋ ಎಂದು ಮಾರುವವರನ್ನು ಕೇಳಲೇಬೇಕು. ಪ್ರಾಫೆಟ್ ಎಂಬ ಸರಣಿಯದು ತಿರುಗಾಮುರುಗಾ. ತೊಂಬತ್ತರ ದಶಕದ ಎಣಿಕೆಯನ್ನೇ ಮುಂದುವರಿಸಿ 2012ರಲ್ಲಿ 21ನೇ ಸಂಚಿಕೆಯಿಂದ ಹೊಸ ಕಥೆ ಶುರುವಾಯಿತು. ಹಿಂದಿನ 20 ಓದದಿದ್ದರೂ ತೊಂದರೆಯಿಲ್ಲ, 21ರಿಂದಲೇ ಹಿಡಿಯಬಹುದು.

ಕಾಲೀನ್ ಡೊರಾನ್ ಅವರ ಎ ಡಿಸ್ಟೆಂಟ್ ಸಾಯಿಲ್‌ನಲ್ಲಿ ಕಥೆಯೇ ಒಂದಕ್ಕಿಂತ ಹೆಚ್ಚು ರೂಪದಲ್ಲಿದೆ. 1983ರಲ್ಲಿ ವಾರ್ಪ್ ಗ್ರಾಫಿಕ್ಸ್‌ನಿಂದ ಬಂದದ್ದು ಒಂದು. ನಂತರ ಡೊರಾನ್ ಅದನ್ನು ಬಿಟ್ಟು, ಮೊದಲಿನಿಂದ ಹೊಸದಾಗಿ ಬಿಡಿಸಿ 1991ರಲ್ಲಿ ತಮ್ಮದೇ ಆರಿಯಾ ಪ್ರೆಸ್‌ನಿಂದ ತಂದದ್ದು ಇನ್ನೊಂದು. 1996ರಿಂದ ಇಮೇಜ್ ಮುಂದುವರಿಸಿದ್ದು ಈ ಎರಡನೆಯದನ್ನು. ಓದಬೇಕಾದದ್ದೂ ಅದನ್ನೇ. ವಾರ್ಪ್‌ನ ಸಂಚಿಕೆಗಳು ಸಂಗ್ರಹಕಾರರಿಗೆ ಮಾತ್ರ ಬೇಕಾದವು.

ನಕ್ಷತ್ರಧೂಳು

ಸಾಗಾ ಓದಿ ಮುಗಿಸಿದವರು ಮುಂದೆ ಹಿಡಿಯಬೇಕಾದ್ದು ಕಾರ್ಲಾ ಸ್ಪೀಡ್ ಮ್ಯಾಕ್‌ನೀಲ್ ಅವರ ಫೈಂಡರ್. ಎರಡರ ಸ್ವಭಾವ ಬೇರೆ. ಸಾಗಾ ಒಂದೇ ಉದ್ದದ ಕಥೆ, ನಡುವೆ ಎಲ್ಲಿಯೂ ಬಾಗಿಲಿಲ್ಲ. ಫೈಂಡರ್ ಒಂದೇ ಲೋಕದ ಹಲವು ಕಥೆ, ಎಲ್ಲೆಲ್ಲೂ ಬಾಗಿಲು. 1996ರಲ್ಲಿ ಅವರದೇ ಲೈಟ್‌ಸ್ಪೀಡ್ ಪ್ರೆಸ್‌ನಿಂದ ಕಪ್ಪು ಬಿಳುಪಿನಲ್ಲಿ ಶುರುವಾಯಿತು, 2005ರಲ್ಲಿ ಬಿಡಿ ಸಂಚಿಕೆ ನಿಲ್ಲಿಸಿ ವೆಬ್‌ಗೆ ಹೋಯಿತು, 2011ರಿಂದ ಡಾರ್ಕ್ ಹಾರ್ಸ್ ಪ್ರಕಾಶನ ಎರಡು ದಪ್ಪ ಲೈಬ್ರರಿ ಸಂಪುಟಗಳಾಗಿಯೂ ಹೊಸ ಪುಸ್ತಕಗಳಾಗಿಯೂ ತಂದಿತು.

ಅನೇಕರು ಮೊದಲ ಕಥೆ ಸಿನ್-ಈಟರ್‌ನಿಂದ ಶುರು ಮಾಡಿ ಐವತ್ತು ಪುಟಕ್ಕೆ ಕೈಚೆಲ್ಲುತ್ತಾರೆ. ಆನ್ವರ್ಡ್ ಎಂಬ ಗುಮ್ಮಟದೊಳಗಿನ ನಗರ, ಅಲ್ಲಿನ ಕುಲಗಳು, ಯಾರು ಯಾವ ಕುಲಕ್ಕೆ ಏಕೆ ಸೇರುತ್ತಾರೆ ಎಂಬ ಯಾವುದನ್ನೂ ಮ್ಯಾಕ್‌ನೀಲ್ ಕುಳಿತು ವಿವರಿಸುವುದಿಲ್ಲ. ಅದಕ್ಕೆ ಟ್ಯಾಲಿಸ್ಮನ್‌ನಿಂದ ಹಿಡಿಯಿರಿ. ಮಾರ್ಸಿ ಎಂಬ ಹುಡುಗಿ ಮತ್ತು ಅವಳು ಕಳೆದುಕೊಂಡ ಪುಸ್ತಕದ ಕಥೆ, ಚಿಕ್ಕದು, ತನ್ನಷ್ಟಕ್ಕೆ ಪೂರ್ಣ. ಅದಾದಮೇಲೆ ಸಿನ್-ಈಟರ್‌ಗೆ ಹೋದರೆ ಅದೇ ಮನೆಯವರು ಪರಿಚಿತರಾಗಿ ಎದುರಾಗುತ್ತಾರೆ.

ಪುಸ್ತಕದ ಕೊನೆಯಲ್ಲಿ ಪುಟವಾರು ಟಿಪ್ಪಣಿಗಳಿವೆ. ಮೊದಲ ಓದಿನಲ್ಲಿ ಪ್ರತಿ ಪುಟಕ್ಕೂ ಹಿಂದಕ್ಕೆ ತಿರುಗಿಸಿ ನೋಡಿದರೆ ಕಥೆಯ ಓಟ ಸಾಯುತ್ತದೆ. ಒಂದು ಅಧ್ಯಾಯ ಪೂರ್ತಿ ಓದಿ, ಆಮೇಲೆ ಅದರ ಟಿಪ್ಪಣಿ ಓದಿ, ಆಮೇಲೆ ಚಿತ್ರಗಳನ್ನು ಮಾತ್ರ ಇನ್ನೊಮ್ಮೆ ತಿರುವಿಹಾಕಿ. ಹಿನ್ನೆಲೆಯಲ್ಲಿ ಸುಮ್ಮನೆ ನಿಂತಿದ್ದವರು ಯಾರು ಎಂದು ಆಗ ಕಾಣುತ್ತದೆ. ಫೈಂಡರ್‌ನ ನಿಜವಾದ ಸುಖ ಈ ಮೂರನೇ ಸುತ್ತಿನಲ್ಲಿದೆ.

ಕಕ್ಷೆಗಾರ

ತುಂಬ ಉಪಯೋಗವಾಯಿತು. ಇಷ್ಟು ಉದ್ದದ ಬಿಡುವಿನ ನಂತರ ಮರಳಿದಾಗ ಯಾರು ಏನು ಎಂದು ಮರೆತಿರುತ್ತದಲ್ಲ, ಅದಕ್ಕೇನು ಉಪಾಯ? 55ಕ್ಕೆ ಮೊದಲು 54ನ್ನೂ ಮತ್ತೆ ಓದಬೇಕೇ?

ನಕ್ಷತ್ರಧೂಳು

ಎಲ್ಲವನ್ನೂ ಓದಬೇಕಿಲ್ಲ. ಸಾಗಾಕ್ಕಾದರೆ 49ರಿಂದ 54, ಅಂದರೆ 9ನೇ ಟ್ರೇಡ್ ಸಾಕು. ಅದಕ್ಕೂ ಮೊದಲಿನದಕ್ಕೆ ಒಂದು ಹಾಳೆ ಇಟ್ಟುಕೊಳ್ಳಿ. ಪ್ರತಿ ಪಾತ್ರಕ್ಕೆ ಒಂದು ಸಾಲು, ಸಾಲಿನಲ್ಲಿ ನಾಲ್ಕೇ ಅಂಶ: ಮೊದಲು ಕಂಡ ಸಂಚಿಕೆ, ಕೊನೆಗೆ ಕಂಡ ಸಂಚಿಕೆ, ಆಗ ಎಲ್ಲಿದ್ದರು, ಆಗ ಅವರಿಗೆ ಏನು ಗೊತ್ತಿತ್ತು. ಈ ನಾಲ್ಕನೆಯ ಅಂಶವೇ ಮುಖ್ಯ. ಸತ್ತರೋ ಬದುಕಿದರೋ ಎಂಬುದು ನೆನಪಿರುತ್ತದೆ. ಯಾರು ಯಾರ ಗುಟ್ಟು ತಿಳಿದಿದ್ದಾರೆ ಎಂಬುದು ಮರೆತುಹೋಗುತ್ತದೆ, ಸಾಗಾದ ತಿರುವುಗಳೆಲ್ಲ ನಿಂತಿರುವುದು ಅದರ ಮೇಲೆ. ಕಥಾಘಟ್ಟ ಮುಗಿದ ದಿನವೇ ಹಾಳೆ ತುಂಬಬೇಕು, ಬಿಟ್ಟರೆ ಆಗುವುದಿಲ್ಲ.

ಕಾಲದ ಲೆಕ್ಕಕ್ಕೆ ಹೇಝಲ್‌ಳ ವಯಸ್ಸನ್ನು ಹಿಡಿದುಕೊಳ್ಳಿ. ಅವಳು ಹುಟ್ಟುವುದು ಮೊದಲ ಸಂಚಿಕೆಯಲ್ಲಿ, 55ರಲ್ಲಿ ಅವಳಿಗೆ ಹತ್ತು. ಓದುಗರು ಕಾದ ಮೂರುವರೆ ವರ್ಷಕ್ಕೆ ಕಥೆಯೊಳಗೂ ಸುಮಾರು ಮೂರು ವರ್ಷ ಸರಿದಿರುತ್ತದೆ. ಕಥೆ ಹೇಳುತ್ತಿರುವುದು ದೊಡ್ಡವಳಾದ ಹೇಝಲ್ ಎಂಬುದನ್ನು ಮರೆಯಬೇಡಿ, ಮುಂದೆ ಆಗುವುದರ ಸುಳಿವನ್ನು ಅವಳು ಸಂಚಿಕೆಗಳಷ್ಟು ಮೊದಲೇ ಒಂದು ಸಾಲಿನಲ್ಲಿ ಹಾಕಿ ಹೋಗಿರುತ್ತಾಳೆ. ಅಂಥ ಸಾಲುಗಳನ್ನು ಪುಟಸಂಖ್ಯೆ ಸಮೇತ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಕಥೆಯಲ್ಲಿ ಬರುವ ರೀತ್ ಎಂಬ ಉಪಗ್ರಹದವರು ಆಡುವ ಅನುವಾದವಿಲ್ಲದ ಮಾತು ಎಸ್ಪೆರಾಂಟೊ. ನಿಘಂಟು ಇಟ್ಟುಕೊಂಡು ಓದಿದರೆ ಪೂರ್ತಿ ಅರ್ಥವಾಗುತ್ತದೆ, ಓದದಿದ್ದರೂ ಕಥೆ ತಪ್ಪುವುದಿಲ್ಲ.

ಶಾಯಿಕಾಗದ

ಡಿಜಿಟಲ್ ಬಗ್ಗೆ ಯಾರೂ ಹೇಳಲಿಲ್ಲ. ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕಡತ ನನ್ನ ಕೈಗೆ ಬರುತ್ತದೆಯೋ, ಆ್ಯಪ್‌ನೊಳಗೇ ಇರುತ್ತದೆಯೋ? ಡಿಜಿಟಲ್ ಕಾಮಿಕ್ಸ್ ಮಾರುತ್ತಿದ್ದ ಕಾಮಿಕ್ಸಾಲಜಿಯನ್ನು ಅಮೆಜಾನ್ 2014ರಲ್ಲಿ ಕೊಂಡಿತು, 2022ರಲ್ಲಿ ಅಂಗಡಿಯನ್ನು ತನ್ನದರೊಳಗೆ ಸೇರಿಸಿತು, 2023ರ ಕೊನೆಗೆ ಪ್ರತ್ಯೇಕ ಆ್ಯಪ್ ಮುಚ್ಚಿ ಕಿಂಡಲ್‌ಗೆ ಕಳಿಸಿತು. ಕಿಂಡಲ್ ಕಡತವನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಯುಎಸ್‌ಬಿಯಲ್ಲಿ ಸಾಗಿಸುವ ಸೌಲಭ್ಯವೂ 2025ರ ಫೆಬ್ರವರಿಯಲ್ಲಿ ನಿಂತಿತು. ಹದಿನೈದು ಇಪ್ಪತ್ತು ವರ್ಷ ನಡೆಯುವ ಸರಣಿಗೆ ಅಷ್ಟೇ ಬಾಳುವ ಆ್ಯಪ್ ಇರುತ್ತದೆ ಎಂದು ನಂಬುವ ಹಾಗಿಲ್ಲ. ಸಿಬಿಝೆಡ್ ಅಥವಾ ಪಿಡಿಎಫ್ ಕೊಡುವ ಕಡೆ ಸಿಕ್ಕರೆ ಅಲ್ಲೇ ಕೊಳ್ಳಿ.

ಸಿಬಿಝೆಡ್ ಎಂದರೆ ಚಿತ್ರಗಳನ್ನು ತುಂಬಿದ ಝಿಪ್ ಕಡತವೇ. ಪುಟಗಳ ಕ್ರಮ ಒಳಗಿನ ಚಿತ್ರಗಳ ಹೆಸರನ್ನು ಅವಲಂಬಿಸಿದೆ. ಹೆಸರು 1, 2, 10 ಎಂದಿದ್ದರೆ ಕೆಲವು ಆ್ಯಪ್‌ಗಳು 1 ಆದಮೇಲೆ 10 ತೋರಿಸಿ ಆಮೇಲೆ 2ಕ್ಕೆ ಬರುತ್ತವೆ. 001, 002, 010 ಎಂದು ಹೆಸರು ಬದಲಿಸಿ ಮತ್ತೆ ಝಿಪ್ ಮಾಡಿದರೆ ಸರಿಹೋಗುತ್ತದೆ. ಸಂಚಿಕೆಗಳ ಹೆಸರಿಗೂ ಇದೇ ನಿಯಮ. 108ರವರೆಗೆ ಹೋಗುವ ಸರಣಿ, ಮೊದಲ ದಿನದಿಂದಲೇ ಮೂರಂಕಿ ಇಡಿ.

ಒಂದೊಂದೇ ಚೌಕಟ್ಟನ್ನು ದೊಡ್ಡದು ಮಾಡಿ ತೋರಿಸುವ ವಿಧಾನ ಫೋನಿಗೆ ಅನುಕೂಲ, ಸ್ಟೇಪಲ್ಸ್ ಅವರ ಚಿತ್ರಕ್ಕೆ ಅನ್ಯಾಯ. ಪುಟ ತಿರುವಿದೊಡನೆ ಇಡೀ ಪುಟದ ಚಿತ್ರ ಎದುರು ನಿಲ್ಲುವ ಆಘಾತ ಅವರ ಕಥನದ ಭಾಗವೇ. ಮೊದಲು ಪೂರ್ತಿ ಪುಟ ನೋಡಿ, ಅಕ್ಷರ ಕಾಣದಿದ್ದರೆ ಮಾತ್ರ ಹಿಗ್ಗಿಸಿ.

ಇನ್ನು ಕಾಗದದ ಪ್ರತಿಗಳ ಜೋಪಾನ. ಈಗಿನ ಸಂಚಿಕೆಯ ಅಳತೆ ಸುಮಾರು 6⅝ × 10¼ ಇಂಚು. ಇದಕ್ಕೆ ‘ಕರೆಂಟ್’ ಎಂದು ಮಾರುವ 6⅞ ಇಂಚು ಅಗಲದ ಚೀಲ ಸರಿ. ಸಾಗಾ 1, 55ರಂಥ 44 ಪುಟದ ಸಂಚಿಕೆಗಳು ಅದರಲ್ಲಿ ಬಿಗಿಯಾಗಿ ಅಂಚು ಮಡಚಿಕೊಳ್ಳುತ್ತವೆ, ಅವಕ್ಕೆ 7⅛ ಇಂಚಿನ ‘ಸಿಲ್ವರ್’ ಚೀಲ ತನ್ನಿ. ಹಿಂದೆ ಇಡುವ ರಟ್ಟು ಆಮ್ಲರಹಿತವಾಗಿರಲಿ, ಹೊಳೆಯುವ ಮಗ್ಗುಲು ಪುಸ್ತಕದ ಕಡೆಗಿರಲಿ. ಪಾಲಿಪ್ರೊಪಿಲೀನ್ ಚೀಲ ಕೆಲವು ವರ್ಷಕ್ಕೆ ಹಳದಿಯಾಗಿ ಸುಕ್ಕುಬೀಳುತ್ತದೆ, ಆಗ ಬದಲಿಸಬೇಕು. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಚೀಲ ದುಬಾರಿ, ಆದರೆ ಬದಲಿಸುವ ಗೋಜಿಲ್ಲ.

ಪ್ರತಿ ಹಾಳಾಗುವುದು ಹೆಚ್ಚಾಗಿ ಹೊರತೆಗೆಯುವಾಗ. ಚೀಲದ ಬಾಯಿಗೆ ಹಚ್ಚಿದ ಟೇಪು ಮುಖಪುಟಕ್ಕೆ ತಗುಲಿ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ಟೇಪನ್ನು ಪೂರ್ತಿ ಕಿತ್ತುಹಾಕಿ ಆಮೇಲೆ ಪುಸ್ತಕ ತೆಗೆಯಿರಿ, ಇಲ್ಲವೇ ಬಾಯಿಯನ್ನು ರಟ್ಟಿನ ಹಿಂದಕ್ಕೆ ಮಡಚಿಟ್ಟು ಟೇಪೇ ಬಳಸಬೇಡಿ. ಪೆಟ್ಟಿಗೆಯಲ್ಲಿ ಪುಸ್ತಕಗಳು ನೆಟ್ಟಗೆ ನಿಲ್ಲಬೇಕು. ಅರ್ಧ ಖಾಲಿ ಪೆಟ್ಟಿಗೆಯಲ್ಲಿ ವಾಲಿ ನಿಂತರೆ ಬೆನ್ನು ಬಾಗಿ ಹಾಗೇ ಉಳಿಯುತ್ತದೆ, ಖಾಲಿ ಜಾಗಕ್ಕೆ ಏನಾದರೂ ತುಂಬಿ. ತೇವ ಜಾಸ್ತಿಯಾದರೆ ಮೊದಲು ತುಕ್ಕು ಹಿಡಿಯುವುದು ಪಿನ್ನುಗಳಿಗೆ, ಅಲ್ಲಿಂದ ಕಂದು ಕಲೆ ಕಾಗದಕ್ಕೆ ಇಳಿಯುತ್ತದೆ. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸಿ ಇಡಬೇಡಿ, ಹೊರಗೋಡೆಗೂ ಒತ್ತಿ ಇಡಬೇಡಿ.

ಕಕ್ಷೆಗಾರ

ನಡುವಿನ ಒಂದು ಸಂಚಿಕೆ ಮಾತ್ರ ಇಲ್ಲ, ದೂರದ ಮಾರಾಟಗಾರರಿಂದ ಫೋಟೊ ನೋಡಿ ಕೊಳ್ಳಬೇಕು ಎಂದುಕೊಳ್ಳಿ. ಏನೇನು ಪರೀಕ್ಷಿಸಬೇಕು?

ಪುಟಸಂಖ್ಯೆ

ಬಾರ್‌ಕೋಡ್‌ನ ಫೋಟೊ ಕೇಳಿ. ದೊಡ್ಡ ಗೆರೆಗಳ ಪಕ್ಕದಲ್ಲಿ ಐದಂಕಿಯ ಚಿಕ್ಕ ಕೋಡ್ ಇರುತ್ತದೆ. ಮೊದಲ ಮೂರು ಅಂಕಿ ಸಂಚಿಕೆ, ನಾಲ್ಕನೆಯದು ಯಾವ ಮುಖಪುಟ, ಐದನೆಯದು ಎಷ್ಟನೇ ಮುದ್ರಣ. 04711 ಎಂದರೆ 47ನೇ ಸಂಚಿಕೆ, ಮೊದಲ ಮುಖಪುಟ, ಮೊದಲ ಮುದ್ರಣ. ಅದೇ 04712 ಇದ್ದರೆ ಎರಡನೇ ಮುದ್ರಣ, 04721 ಇದ್ದರೆ ಬೇರೆ ಮುಖಪುಟದ ಮೊದಲ ಮುದ್ರಣ. ಹಳೆಯ ಸ್ವಪ್ರಕಾಶಿತ ಸರಣಿಗಳಲ್ಲಿ ಬಾರ್‌ಕೋಡೇ ಇಲ್ಲದಿರಬಹುದು. ಆಗ ಮುಖಪುಟದ ಒಳಮಗ್ಗುಲಲ್ಲೋ ಮೊದಲ ಪುಟದ ಬುಡದಲ್ಲೋ ಸಣ್ಣಕ್ಷರದಲ್ಲಿರುವ ಪ್ರಕಾಶನ ವಿವರ ಓದಿ, ಮುದ್ರಣ ಎಷ್ಟನೆಯದು ಎಂದು ಅಲ್ಲಿ ಹಾಕಿರುತ್ತಾರೆ. ಓದುವುದಷ್ಟೇ ಉದ್ದೇಶವಾದರೆ ಎರಡನೇ ಮುದ್ರಣಕ್ಕೆ ಹಿಂಜರಿಯಬೇಡಿ.

ಇನ್ನೆರಡು ಫೋಟೊ ಕೇಳಿ: ಬೆನ್ನಿನದು, ಮತ್ತು ಸರಿಯಾಗಿ ನಡುವೆ ತೆರೆದ ಜೋಡಿಪುಟದ್ದು. ಪಿನ್ನುಗಳು ಕಚ್ಚಿಕೊಂಡಿರುವುದು ಆ ಹಾಳೆಯನ್ನು. ಮುಖಪುಟ ಹೊಸದರಂತಿದ್ದರೂ ನಡುಹಾಳೆ ಪಿನ್ನಿನಿಂದ ಬಿಟ್ಟಿದ್ದರೆ ಸಾಗಣೆಯಲ್ಲಿ ಜಾರಿ ಅದರ ಅಂಚು ಹರಿಯುತ್ತದೆ. ಅಂಥ ಪ್ರತಿ ಬಿಟ್ಟು ಇನ್ನೊಂದಕ್ಕೆ ಕಾಯಿರಿ. ಕೊಳ್ಳುವುದು ಖಚಿತವಾದರೆ ಪುಸ್ತಕದ ಎರಡೂ ಕಡೆ ಅದಕ್ಕಿಂತ ದೊಡ್ಡ ರಟ್ಟು ಇಟ್ಟು ಕಳಿಸಲು ಹೇಳಿ. ಒಂದು ರಟ್ಟಿನ ಉದ್ದುದ್ದ ಗೆರೆಗಳಿಗೆ ಇನ್ನೊಂದರ ಗೆರೆಗಳು ಅಡ್ಡಡ್ಡ ಬರುವಂತಿರಲಿ. ಎರಡೂ ಒಂದೇ ದಿಕ್ಕಿಗಿದ್ದರೆ ಪೊಟ್ಟಣ ಆ ಗೆರೆಯ ಉದ್ದಕ್ಕೇ ಮಡಚಿಕೊಳ್ಳುತ್ತದೆ.